ಅಕೌಂಟೆಂಟ್ ಬೇಕೆಂದರೆ ಮೇಜಿನ ಮೇಲೆ ಬಿಲ್ ಇಡಿ

ಸಣ್ಣ ಕಾರ್ಖಾನೆ, ಹೋಲ್‌ಸೇಲ್ ಅಂಗಡಿಗಳಲ್ಲಿ ಅಕೌಂಟೆಂಟ್ ಸಂದರ್ಶನ ನಡೆಯುವ ರೀತಿ ನೋಡಿದರೆ ಬೇಸರವಾಗುತ್ತದೆ. ಯಾವ ಊರು, ಮನೇಲಿ ಯಾರ್ಯಾರಿದ್ದಾರೆ, ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಬರುತ್ತಾ? ಇಷ್ಟಕ್ಕೇ ಮುಗಿಯುತ್ತದೆ. ‘ಬರುತ್ತೆ ಸಾರ್’ ಅಂತ ಎಲ್ಲರೂ ಹೇಳುತ್ತಾರೆ. ತಪ್ಪು ಗೊತ್ತಾಗುವುದು ಜಿಎಸ್‌ಟಿ ನೋಟಿಸ್ ಬಂದ ಮೇಲೆ.

ಮಾತು ಹದಿನೈದು ನಿಮಿಷ ಸಾಕು. ನಲವತ್ತು ನಿಮಿಷ ಕೆಲಸ ಮಾಡಿಸಿ. ಟ್ಯಾಲಿಯಲ್ಲಿ ಹೊಸ ಕಂಪನಿ ತೆರೆದು (ನಿಮ್ಮ ಅಸಲಿ ಡೇಟಾ ಬೇಡ) ಹತ್ತು ಬಿಲ್‌ಗಳ ಜೆರಾಕ್ಸ್ ಕೊಡಿ. ಎರಡು ಮೂರರಲ್ಲಿ ಬೇಕೆಂದೇ ತಪ್ಪಿರಲಿ. ಪೀಣ್ಯದ ವರ್ಕ್‌ಶಾಪಿಗೆ ತಮಿಳುನಾಡಿನ ಹೊಸೂರಿನಿಂದ ಬಂದ ಕಬ್ಬಿಣದ ಬಿಲ್ ಅಂದುಕೊಳ್ಳಿ. ಅವರ ಜಿಎಸ್‌ಟಿ ನಂಬರ್ 33ರಿಂದ ಶುರು, ನಮ್ಮದು 29ರಿಂದ. ರಾಜ್ಯ ಬೇರೆಯಾದ್ದರಿಂದ, ಎರಡು ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಹಾಕುವ 18% ಐಜಿಎಸ್‌ಟಿ ಇರಬೇಕು. ಬಿಲ್‌ನಲ್ಲಿ ಸಿಜಿಎಸ್‌ಟಿ 9%, ಎಸ್‌ಜಿಎಸ್‌ಟಿ 9% (ಒಂದೇ ರಾಜ್ಯದೊಳಗಿನ ವ್ಯಾಪಾರಕ್ಕೆ ಹಾಕುವ ತೆರಿಗೆ) ಅಂತ ಹಾಕಿಡಿ. ಒಟ್ಟು ಮೊತ್ತ ಒಂದೇ ಬರುವುದರಿಂದ ಎಷ್ಟೋ ಜನ ಹಾಗೇ ಎಂಟ್ರಿ ಹಾಕಿಬಿಡುತ್ತಾರೆ. ‘ಇದನ್ನ ಬದಲಾಯಿಸಿ ಕೊಡೋಕೆ ಹೇಳ್ಬೇಕು’ ಅಂದವರನ್ನು ಬಿಡಬೇಡಿ. ಬ್ಯಾಂಕಿಗೆ ಕಟ್ಟಿದ ಕ್ಯಾಶನ್ನು ಎಫ್4 ಕಾಂಟ್ರಾದಲ್ಲಿ (ಕ್ಯಾಶ್, ಬ್ಯಾಂಕ್ ನಡುವೆ ಹಣ ಓಡಾಡಿದಾಗ ಹಾಕುವ ಎಂಟ್ರಿ) ಹಾಕುತ್ತಾರೋ ಎಫ್5 ಪೇಮೆಂಟ್‌ನಲ್ಲೋ, ಅದನ್ನೂ ನೋಡಿ.

ಆಮೇಲೆ ಒಂದು ಪ್ರಶ್ನೆ: ‘ಬಿಲ್ ಕೈಯಲ್ಲಿದೆ, 14ನೇ ತಾರೀಖಿನ 2ಬಿಯಲ್ಲಿ ಇಲ್ಲ. ಏನ್ ಮಾಡ್ತೀರಿ?’ 2ಬಿ ಅಂದರೆ ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿ. ಬಿಲ್ ಇದೆಯಲ್ಲ, ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಮ್ಮ ತೆರಿಗೆಯಲ್ಲಿ ಕಳೆಯುವುದು) ತಗೋತೀನಿ ಅಂದರೆ ಅಪಾಯ. ಸಪ್ಲೈಯರ್‌ಗೆ ಫೋನ್ ಮಾಡಿ ಜಿಎಸ್‌ಟಿಆರ್-1ರಲ್ಲಿ (ಅವರ ಮಾರಾಟದ ರಿಟರ್ನ್) ತೋರಿಸಿದ್ದಾರಾ ಕೇಳ್ತೀನಿ, ಅಲ್ಲಿವರೆಗೆ 3ಬಿಯಲ್ಲಿ (ನಮ್ಮ ತೆರಿಗೆ ಕಟ್ಟುವ ರಿಟರ್ನ್) ತಗೊಳ್ಳಲ್ಲ ಅನ್ನುವವರು ಈ ಕೆಲಸವನ್ನು ನಿಜವಾಗಿ ಮಾಡಿದವರು.

ಹೊಸಬರಿಗೆ ಕೈ ನಡುಗುತ್ತದೆ. ಮೊದಲ ಎರಡು ಬಿಲ್ ಅಭ್ಯಾಸಕ್ಕೆ ಬಿಡಿ, ಅದಕ್ಕೆ ಅಂಕ ಬೇಡ. ಎಲ್ಲರಿಗೂ ಅದೇ ಬಿಲ್, ಅದೇ ಪ್ರಶ್ನೆ ಇರಲಿ, ಇಲ್ಲದಿದ್ದರೆ ಹೋಲಿಸುವುದು ಹೇಗೆ? ಇಬ್ಬರು ಕೂತಿದ್ದರೆ ಬೇರೆ ಬೇರೆ ಅಂಕ ಬರೆದ ಮೇಲೇ ಮಾತಾಡಿ. ಯಜಮಾನರು ಮೊದಲು ಬಾಯಿ ಬಿಟ್ಟರೆ ಇನ್ನೊಬ್ಬರ ಅಭಿಪ್ರಾಯ ಅಲ್ಲಿಗೇ ಸತ್ತುಹೋಗುತ್ತದೆ.

ಹೆಣ್ಣುಮಕ್ಕಳನ್ನು ಮದುವೆ ಯಾವಾಗ ಅಂತ ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವುದಂತೂ ಅನ್ಯಾಯ. ನೋಡಿ ಅಲ್ಲೇ ವಾಪಸ್ ಕೊಡಿ. ಸಂಬಳ ಕೈಗೆ ಎಷ್ಟು, ಪಿಎಫ್‌ಗೆ ಎಷ್ಟು ಹಿಡಿಯುತ್ತೀರಿ, 11 ಮತ್ತು 20ನೇ ತಾರೀಖಿನ ರಿಟರ್ನ್ ಹತ್ತಿರ ಬಂದಾಗ ಸಂಜೆ ಎಷ್ಟು ಹೊತ್ತು ಇರಬೇಕಾಗುತ್ತದೆ, ಇದೆಲ್ಲ ಅದೇ ದಿನ ಹೇಳಿ. ಆಯ್ಕೆಯಾಗದವರಿಗೂ ಒಂದು ವಾರದೊಳಗೆ ಫೋನ್ ಹೋಗಲಿ.