ಗುಂಡುಕಲ್ಲಿನ ಮುಂದೆ ನನ್ನ ಜಂಬ
ಐಸ್‌ಲ್ಯಾಂಡಿನ ಸ್ನೈಫೆಲ್ಸ್‌ನೆಸ್ ಪರ್ಯಾಯ ದ್ವೀಪವನ್ನು ಮಾರ್ಗದರ್ಶಿಯೊಂದಿಗೆ ಒಂದೇ ದಿನದಲ್ಲಿ ನೋಡಿ ಮುಗಿಸಬಹುದೆಂದು ನಾನು ಓದಿದ ಪ್ರವಾಸ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ನಾವೂ ಮುಗಿಸಿದೆವು, ಅರ್ಧ ದಿನ ಬಸ್ಸಿನ ಕಿಟಕಿಯಲ್ಲೇ ಹೋಯಿತು. 1,446 ಮೀಟರ್ ಎತ್ತರದ, ಹಿಮ ಹೊದ್ದ ಜ್ವಾಲಾಮುಖಿ ಮೋಡದೊಳಗಿಂದ ಮೂಗನ್ನೂ ತೋರಿಸಲಿಲ್ಲ. ಆದರೆ ಲೇಖನದಲ್ಲಿ ಒಂದೇ ಸಾಲಿಗೆ ಮುಗಿದ ಜೂಪಲೋನ್‌ಸಾಂಡೂರ್ ಕಡಲತೀರವೇ ನನಗೆ ಇಡೀ ಪ್ರವಾಸ. ಲಾವಾ ಬಂಡೆಗಳ ನಡುವೆ ಇಳಿದರೆ ಕಾಲಡಿಯಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುವ ಕಪ್ಪು ಹರಳುಕಲ್ಲು. ಅಲ್ಲೇ ನಾಲ್ಕು ಗುಂಡುಕಲ್ಲುಗಳು: 154, 100, 54, 23 ಕೆ.ಜಿ. ಹಿಂದೆ ಮೀನುಗಾರರ ತೋಳ್ಬಲವನ್ನು ಇವುಗಳಿಂದಲೇ ಅಳೆಯುತ್ತಿದ್ದರು. 54ರದ್ದನ್ನೂ ಎತ್ತಲಾರದವನಿಗೆ ದೋಣಿಯಲ್ಲಿ ಜಾಗವಿಲ್ಲ. ವಿಜಯಪುರದ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿ ಬೆಳೆದವನು ನಾನು, ಜಂಬದಿಂದ ಬಾಗಿದೆ. 23ರದ್ದು ಮೊಣಕಾಲಿನವರೆಗೆ ಬಂತು, ಅಷ್ಟೇ. ಹೆಂಡತಿ ಫೋಟೊ ತೆಗೆಯುವುದನ್ನು ಮಾತ್ರ ಮರೆಯಲಿಲ್ಲ.

ಆ ಪರ್ಯಾಯ ದ್ವೀಪದಲ್ಲಿ ಕಂಬಗಲ್ಲುಗಳೂ ಇವೆ, ಅಂದರೆ ಲಾವಾ ತಣ್ಣಗಾಗಿ ಕಂಬಗಳಂತೆ ನಿಂತ ಬಂಡೆಗಳು. ಅವನ್ನು ನೋಡಲು ಅಷ್ಟು ದೂರ ಹೋಗಲಾಗದವರು ಮುಂಬೈಯಲ್ಲಿ ನಮ್ಮ ಅಂಧೇರಿ ಪಶ್ಚಿಮದ ಗಿಲ್ಬರ್ಟ್ ಗುಡ್ಡಕ್ಕೆ ಬನ್ನಿ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ, ಸುಮಾರು 60 ಮೀಟರ್ ಎತ್ತರ, ನೆತ್ತಿಯ ಮೇಲೆ ಗಾಂವ್‌ದೇವಿಯ ಗುಡಿ. ಬುಡದವರೆಗೂ ಕಟ್ಟಡಗಳು ಒತ್ತಿಕೊಂಡಿವೆ. ಮಾರ್ಗದರ್ಶಿ ಬೇಕಿಲ್ಲ, ಆಟೊದವರಿಗೆ ಹೆಸರು ಹೇಳಿದರೆ ಸಾಕು.