ಗಾಡಿ ಕೆಳಗೆ ಮಾಡಿಸುವ ಮೊದಲು ಒಂದು ಟೇಪು ತಗೊಳ್ಳಿ

ಮೊನ್ನೆ ಯಾದಗಿರಿಯ ಒಬ್ಬ ಹುಡುಗಿ ಇನ್‌ಬಾಕ್ಸಿನಲ್ಲಿ ಕೇಳಿದಳು: "ಅಕ್ಕಾ, ನನ್ ಬೈಕ್ ಭಾಳ ಎತ್ತರ ಅದ. ಲೋವರಿಂಗ್ ಲಿಂಕ್ ಹಾಕಿಸ್ಲೇನು?" ಲೋವರಿಂಗ್ ಲಿಂಕ್ ಅಂದರೆ ಗಾಡಿ ಕೆಳಗೆ ಮಾಡಲು ಹಿಂದೆ ಬದಲಿಸಿ ಹಾಕುವ ಪಟ್ಟಿ. ಉತ್ತರ ಬರೆಯುತ್ತಾ ಬರೆಯುತ್ತಾ ಉದ್ದ ಆಯಿತು. ಅದಕ್ಕೇ ಇಲ್ಲೇ ಹಾಕುತ್ತಿದ್ದೇನೆ.

ಬೇಡಮ್ಮ. ಈಗಲೇ ಬೇಡ.

ನನ್ನ ಎತ್ತರ ಐದಡಿ ಒಂದಿಂಚು, ತೂಕ 54 ಕೆಜಿ. ಓಡಿಸೋದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್. ಸೀಟಿನ ಎತ್ತರ 800 ಮಿ.ಮೀ., ಗಾಡಿ ಸುಮಾರು 200 ಕೆಜಿ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕಲಬುರಗಿಯ ಸಿಗ್ನಲ್‌ಗಳಲ್ಲಿ ನಿಂತಾಗ ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಆ ಭಯ ಏನು ಅಂತ ಎತ್ತರದವರಿಗೆ ಹೇಳಿದರೆ ಅರ್ಥ ಆಗೋದು ಕಷ್ಟ. ಒಂದು ಗ್ಯಾರೇಜಿನಲ್ಲಿ, "ಒಂದ್ ತಾಸಿನ ಕೆಲಸ ಅಕ್ಕಾರ, ಲಿಂಕ್ ಹಾಕಿ ಕೆಳಗ ಮಾಡಿ ಕೊಡ್ತೀನ್ರಿ" ಅಂದರು. ಸರಿ ಅಂದೆ.

ಈ ಗಾಡಿಯಲ್ಲಿ ಹಿಂದಿನ ಶಾಕ್ (ಶಾಕ್ ಅಬ್ಸಾರ್ಬರ್), ಹಿಂದಿನ ಚಕ್ರ ಹಿಡಿದಿರುವ ತೋಳಿಗೆ, ಅಂದರೆ ಸ್ವಿಂಗ್‌ಆರ್ಮ್‌ಗೆ, ನೇರವಾಗಿ ಕೂತಿಲ್ಲ. ನಡುವೆ ಸನ್ನೆಯ ಹಾಗೆ ಕೆಲಸ ಮಾಡುವ ಒಂದು ಲಿಂಕೇಜ್ ಇದೆ. ಅದರ ಪಟ್ಟಿ ತೆಗೆದು ಬೇರೆ ಉದ್ದದ ಪಟ್ಟಿ ಹಾಕಿದರೆ ಹಿಂಭಾಗ ಕುಗ್ಗಿ ಕೂರುತ್ತದೆ. ನನ್ನದು 30 ಮಿ.ಮೀ. ಇಳಿಯಿತು. ಎರಡೂ ಪಾದದ ಮುಂಭಾಗ ನೆಲಕ್ಕೆ ಊರಿದವು. ಆ ದಿನ ಆದ ಖುಷಿ ಸುಳ್ಳಲ್ಲ.

ಎರಡು ವಾರ ಬಿಟ್ಟು ತಂಗಿಯನ್ನು ಕೂರಿಸಿಕೊಂಡು, ಎರಡೂ ಕಡೆ ಬ್ಯಾಗ್ ಕಟ್ಟಿ, ಬೀದರಿಗೆ ಹೊರಟೆ. ಕಮಲಾಪುರ ದಾಟಿದ ಮೇಲೆ ಒಂದು ಊರಿನ ಹಂಪ್. ಬಿಳಿ ಪಟ್ಟಿ ಇಲ್ಲ, ಬೋರ್ಡ್ ಇಲ್ಲ. ಸ್ಪೀಡ್ ಜಾಸ್ತಿ ಏನೂ ಇರಲಿಲ್ಲ. ಧಡ್ ಅಂತ ಕೆಳಗಿನಿಂದ ಸದ್ದು ಬಂತು. "ಅಕ್ಕಾ, ಏನರೆ ಮುರೀತೇನು?" ಅಂದಳು ತಂಗಿ. ಇಳಿದು ಬಗ್ಗಿ ನೋಡಿದೆವು. ಇಂಜಿನ್ ಕೆಳಗಿನ ತಗಡಿನ ಮೇಲೆ ಬೆರಳಗಲ ಹೊಳೆಯುವ ಗೀರು. ಅಲ್ಲಿಂದ ಬೀದರ್ ಮುಟ್ಟುವವರೆಗೆ ಇನ್ನೂ ಮೂರು ಸಲ ಹಾಗೇ ಆಯಿತು. ತಿರುವಿನಲ್ಲಿ ಹ್ಯಾಂಡಲ್ ತಡವಾಗಿ ತಿರುಗುತ್ತಿತ್ತು, ಮುಂಭಾಗ ತೇಲಿದ ಹಾಗೆ. ಕೋಟೆಯ ಮುಂದೆ ಸೈಡ್ ಸ್ಟ್ಯಾಂಡ್ ಹಾಕಿ ಹತ್ತು ಹೆಜ್ಜೆ ನಡೆದಿದ್ದೆವು, ಗಾಡಿ ಬಲಕ್ಕೆ ಉರುಳಿ ಬಿತ್ತು. ಬ್ರೇಕ್ ಲಿವರ್ ಹೋಯಿತು.

ಒಂದೊಂದಕ್ಕೂ ಕಾರಣ ಇದೆ. ಗಾಡಿ ಕುಗ್ಗಿತು, ಸ್ಟ್ಯಾಂಡ್ ಮಾತ್ರ ಮೊದಲಿನಷ್ಟೇ ಉದ್ದ ಉಳಿಯಿತು. ಹಾಗಾಗಿ ಗಾಡಿ ವಾಲದೆ ನೆಟ್ಟಗೆ ನಿಂತಿತ್ತು. ಹಿಂದೆ ಮಾತ್ರ ಇಳಿಸಿ ಮುಂದೆ ಹಾಗೇ ಬಿಟ್ಟರೆ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ, ಜಾಸ್ತಿ ವಾಲುತ್ತದೆ, ಹ್ಯಾಂಡಲ್ ಸೋಮಾರಿ ಆಗುತ್ತದೆ. ಕಂಪನಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಜಾಗ, 220 ಮಿ.ಮೀ. ಅದರಲ್ಲೂ ಕಡಿತ ಆಯಿತು. ಮೇಲಾಗಿ ಲಿಂಕ್ ಬದಲಾದರೆ ಸನ್ನೆಯ ಲೆಕ್ಕವೂ ಬದಲಾಗುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಅದೇ ಸ್ಪ್ರಿಂಗ್ ಮೆತ್ತಗಾದ ಹಾಗೆ ವರ್ತಿಸುತ್ತದೆ. ಗಾಡಿಯ ಕೆಳಗೆ ಜಾಗ ಕಡಿಮೆ ಆದಾಗ ಸ್ಪ್ರಿಂಗ್ ಇನ್ನೂ ಗಟ್ಟಿ ಇರಬೇಕು. ಇಲ್ಲಿ ಆಗಿದ್ದು ಪೂರ್ತಿ ಉಲ್ಟಾ.

ಮನೆಗೆ ಬಂದು ಹಳೆಯ ಲಿಂಕ್ ವಾಪಸ್ ಹಾಕಿಸಿದೆ. ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಅಳತೆ.

ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಗಾಳಿಯಲ್ಲಿ ಇರುವಾಗ ಆಕ್ಸಲ್ ನಟ್ಟಿನಿಂದ ನೇರ ಮೇಲೆ ಸೀಟಿನ ಕೆಳಗೆ ಅಂಟಿಸಿದ ಟೇಪಿನ ಗುರುತಿನವರೆಗೆ ಅಳೆದೆವು: 562 ಮಿ.ಮೀ. ಸ್ಟ್ಯಾಂಡಿನಿಂದ ಇಳಿಸಿ ಗಾಡಿಯ ತೂಕ ಮಾತ್ರ ಬಿದ್ದಾಗ 550. ನಾನು ಹೆಲ್ಮೆಟ್, ಜಾಕೆಟ್, ಬೂಟು ಹಾಕಿ ಕೂತಾಗ 528. ಅಂದರೆ ನಾನು ಕೂತರೂ ಗಾಡಿ ಒಟ್ಟು 34 ಮಿ.ಮೀ. ಮಾತ್ರ ಕುಗ್ಗುತ್ತಿತ್ತು. ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ಓಡಾಟ 180 ಮಿ.ಮೀ. ಸವಾರರು ಕೂತಾಗ ಅದರಲ್ಲಿ ಸುಮಾರು ಮೂರನೇ ಒಂದು ಭಾಗ, ಅಂದರೆ 60ರ ಹತ್ತಿರ ಕುಗ್ಗಬೇಕು. ಇದನ್ನು ಸ್ಯಾಗ್ ಅಂತಾರೆ.

ಮೊದಲಿನ ಮಾಲೀಕರು ದಪ್ಪ ಇದ್ದರು, ಮನೆಯವರನ್ನು ಕೂರಿಸಿಕೊಂಡು ಓಡಾಡುತ್ತಿದ್ದರು. ಶಾಕಿನ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿ ಇಡುವ ಬಿಗಿ, ಪೂರ್ತಿ ಏರಿಸಿದ್ದರು. ಅವರಿಗೆ ಅದು ಸರಿ. ನನ್ನ ತೂಕಕ್ಕೆ ಗಾಡಿ ಸುಮ್ನೆ ಮೇಲೆದ್ದು ನಿಂತಿತ್ತು. ಗುಂಡಿ ಬಂದಾಗ ಚಕ್ರ ಕೆಳಗೆ ಇಳಿಯಲು ಜಾಗ ಕಡಿಮೆ, ಹೊಡೆತ ನೇರ ಬೆನ್ನಿಗೆ. ಶಾಕಿನ ರಿಂಗ್ ತಿರುಗಿಸುವ ಸಿ-ಸ್ಪ್ಯಾನರ್ ಹಿಡಿದು ಪ್ರೀಲೋಡ್ ಸಡಿಲ ಮಾಡಿ ಮತ್ತೆ ಕೂತು ಅಳೆದೆವು: 506. ಸ್ಯಾಗ್ 56. ಗಾಡಿ 22 ಮಿ.ಮೀ. ಕೆಳಗೆ ಬಂತು, ಕೂತರೆ ಮೊದಲಿಗಿಂತ ಮೆತ್ತಗೂ ಅನಿಸಿತು. ಒಂದು ರೂಪಾಯಿ ಖರ್ಚಿಲ್ಲ. ಗಾಡಿಯ ಮುಂಭಾಗದಲ್ಲಿ ಏನೂ ಮುಟ್ಟಲಿಲ್ಲ. ಹಿಂದೆ ಅತಿಯಾಗಿದ್ದದ್ದು ಸರಿಯಾಯಿತು, ಅಷ್ಟೇ.

ಆದರೆ ಕೆಳಗೆ ಬರಲಿ ಅಂತ ಲೆಕ್ಕ ಮೀರಿ ಸಡಿಲ ಮಾಡಬೇಡಿ. ಪ್ರೀಲೋಡ್ ಸ್ಪ್ರಿಂಗನ್ನು ಗಟ್ಟಿಯೂ ಮಾಡಲ್ಲ, ಮೆತ್ತಗೂ ಮಾಡಲ್ಲ. ಗಾಡಿ ಎಷ್ಟು ಮೇಲೆ ನಿಲ್ಲಬೇಕು ಅನ್ನೋದನ್ನು ಮಾತ್ರ ಅದು ತೀರ್ಮಾನಿಸುತ್ತದೆ.

ಉಳಿದದ್ದು ಸೀಟು. ನಮ್ಮ ಏರಿಯಾದ ಕುಶನ್ ಅಂಗಡಿಯ ಚಾಚಾ ನನ್ನನ್ನು ಗಾಡಿ ಮೇಲೆ ಕೂರಿಸಿ, ತೊಡೆ ಎಲ್ಲಿ ಒತ್ತುತ್ತದೆ ಅಂತ ನೋಡಿ ಸೀಟಿನ ಎರಡೂ ಅಂಚಿಗೆ ಚಾಕ್‌ಪೀಸಿನಿಂದ ಗೆರೆ ಎಳೆದರು. "ಬೇಟಿ, ನಡುವಿನ ಫೋಮ್ ತೆಗದ್ರ ಐವತ್ತು ಕಿಲೋಮೀಟರಿಗೇ ಸೊಂಟ ಹಿಡೀತದ. ಅಂಚು ತೆಗೀಬೇಕು" ಅಂದರು. ಎಷ್ಟು ನಿಜ! ಕಾಲು ನೆಲ ಮುಟ್ಟದಿರಲು ಸೀಟಿನ ಎತ್ತರದಷ್ಟೇ ಅಗಲವೂ ಕಾರಣ. ಹ್ಯಾಕ್ಸಾ ಬ್ಲೇಡಿನಿಂದ ಮುಂದಿನ ಎರಡು ಅಂಚು ಸವರಿ, ಮೇಲೆ ತೆಳುವಾಗಿ ಮಾತ್ರ ತೆಗೆದು ಹೊಲಿದು ಕೊಟ್ಟರು. ಜೊತೆಗೆ ದಪ್ಪ ಅಟ್ಟೆಯ ಬೂಟು. ಈಗ ಎಡಪಾದ ಪೂರ್ತಿ ಊರುತ್ತದೆ, ಬಲಗಾಲು ಬ್ರೇಕ್ ಮೇಲೆ. ನಿಲ್ಲಲು ನನಗೆ ಅಷ್ಟು ಸಾಕು.

ಇದಾದ ಮೇಲೂ ಸಾಲಲಿಲ್ಲ ಅಂದರೆ ಖಂಡಿತ ಇಳಿಸಿ. ಆದರೆ ಸಸ್ಪೆನ್ಷನ್ ಬಿಚ್ಚಿ ಕೆಲಸ ಮಾಡಲು ಬಲ್ಲವರ ಹತ್ತಿರ ಮಾತ್ರ. ಅವರು ಶಾಕ್ ಮತ್ತು ಫೋರ್ಕಿನ ಒಳಗೆ ಸ್ಪೇಸರ್ ಹಾಕಿ ಓಡಾಟವನ್ನೇ ಕಡಿಮೆ ಮಾಡುತ್ತಾರೆ, ಅದಕ್ಕೆ ತಕ್ಕಷ್ಟು ಗಟ್ಟಿ ಸ್ಪ್ರಿಂಗ್ ಕೂರಿಸುತ್ತಾರೆ. ಖರ್ಚು ಜಾಸ್ತಿ. ಲಿಂಕೇ ಗತಿ ಅನ್ನುವಂತಿದ್ದರೆ ಫೋರ್ಕನ್ನೂ ಕ್ಲಾಂಪಿನಲ್ಲಿ ಮೇಲೆ ಸರಿಸಿ, ಸೈಡ್ ಸ್ಟ್ಯಾಂಡ್ ಕತ್ತರಿಸಿ ವೆಲ್ಡ್ ಮಾಡಿಸಿ, ಚೈನ್ ಸಡಿಲ ಮತ್ತೆ ನೋಡಿಸಿ. ಪೂರ್ತಿ ಕುಗ್ಗಿದಾಗ ಎರಡೂ ಟೈರು ಮಡ್‌ಗಾರ್ಡಿಗೆ ತಾಗುತ್ತವೆಯೇ ಅಂತ ಕಣ್ಣಾರೆ ನೋಡದೆ ಗಾಡಿ ಹೊರಗೆ ತರಬೇಡಿ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಹೋದವರಿಗೆ ಗೊತ್ತು, ಇಲ್ಲಿ ಸಸ್ಪೆನ್ಷನ್ನಿನ ಒಂದೊಂದು ಇಂಚೂ ಬೇಕು.

ಹೋದ ತಿಂಗಳು ಮತ್ತೆ ಬೀದರಿಗೆ ಹೋದೆವು. ತಂಗಿ ಹಿಂದೆ ಇರುತ್ತಾಳೆ ಅಂತ ಹೊರಡುವ ಮೊದಲು ಪ್ರೀಲೋಡ್ ಏರಿಸಿಕೊಂಡಿದ್ದೆ. ಅದೇ ಹಂಪ್, ಇನ್ನೂ ಬಿಳಿ ಪಟ್ಟಿ ಇಲ್ಲ. ಗಾಡಿ ಕುಗ್ಗಿತು, ಎದ್ದಿತು. ತಂಗಿ ಕಮಲಾಪುರದಲ್ಲಿ ಕೊಂಡ ಕೆಂಬಾಳೆ ತಿನ್ನುತ್ತಿದ್ದಳು, ತಿನ್ನುತ್ತಲೇ ಇದ್ದಳು.

ಯಾದಗಿರಿಯ ತಂಗೀ, ನಿನ್ನ ಗಾಡಿಯ ಆ ಮೂರು ಅಳತೆ ಮತ್ತು ನಿನ್ನ ತೂಕ ಬರೆದು ಕಳಿಸು. ಲಿಂಕ್ ವಿಷಯ ಆಮೇಲೆ ಮಾತಾಡೋಣ.