ಸೈಡ್‌ಪಾಡ್ ನೋಡಿ ಏಮಾರಿದ ಕಥೆ

2022ರ ಮಾರ್ಚ್ 10. ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಎಫ್‌ಒನ್ (ಫಾರ್ಮುಲಾ ಒನ್ ಕಾರ್ ರೇಸ್) ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ರೇಸ್‌ಗಳು ಶುರುವಾಗುವ ಮುಂಚಿನ ಬಹ್ರೇನ್ ಟೆಸ್ಟಿಂಗ್‌ನಲ್ಲಿ ಮರ್ಸಿಡಿಸ್ ತಂಡದ ಹೊಸ ಕಾರು ಡಬ್ಲ್ಯು13. ನೋಡಿದರೆ ಕಾರಿಗೆ ಪಕ್ಕೆಯೇ ಇಲ್ಲ! ಹಿಂದಿನ ತಿಂಗಳು ಬಾರ್ಸಿಲೋನಾದಲ್ಲಿ ಓಡಿದಾಗ ಎರಡೂ ಕಡೆ ಮಾಮೂಲಿ ಸೈಡ್‌ಪಾಡ್, ಅಂದರೆ ಎಂಜಿನ್ ತಣಿಸಲು ಗಾಳಿ ಒಳಗೆ ಎಳೆಯುವ ಪಕ್ಕದ ಉಬ್ಬು, ಇತ್ತು. ಎರಡೇ ವಾರದಲ್ಲಿ ಅದು ಕರಗಿ, ಮೈಗೆ ಅಂಟಿಕೊಂಡ ಎರಡು ಉದ್ದನೆ ಸೀಳು ಮಾತ್ರ ಉಳಿದಿತ್ತು. ಕನ್ನಡಿಗಳು ರೆಕ್ಕೆಯಂಥ ಒಂದು ತುಂಡಿನ ಮೇಲೆ ಕೂತಿದ್ದವು. ಕಲಸಿದ ಅನ್ನ ಹಾಗೇ ಬಿಟ್ಟು ಎಡಗೈಯಲ್ಲಿ ಟೈಪ್ ಮಾಡಿದೆ: "ಮುಗೀತು ಬಿಡ್ರಪ್ಪಾ, ಈ ವರ್ಷವೂ ಇವರದ್ದೇ."

ಆ ಸ್ಕ್ರೀನ್‌ಶಾಟ್ ಈಗಲೂ ನಮ್ಮ ಭಾವನ ಫೋನಿನಲ್ಲಿದೆ. ಹಬ್ಬಕ್ಕೊಂದು ಸಲ ಹೊರಗೆ ಬರುತ್ತದೆ.

ನಾನು ಸುಮ್ನೆ ಹಾಗೆ ಬರೆದದ್ದಲ್ಲ. 2014ರಿಂದ 2021ರವರೆಗೆ ಸತತ ಎಂಟು ವರ್ಷ ತಂಡದ ಚಾಂಪಿಯನ್‌ಷಿಪ್ ಗೆದ್ದವರು ಅವರು. ಇಷ್ಟು ಧೈರ್ಯ ಮಾಡಿದ್ದಾರೆ ಅಂದರೆ ಲೆಕ್ಕ ಹಾಕಿಯೇ ಮಾಡಿರುತ್ತಾರೆ, ಅಲ್ವಾ? ಹಾಕಿದ್ದರು. ಆದರೆ ಅದೇ ದಿನ ಬಂದ ವಿಡಿಯೋಗಳಲ್ಲಿ ಕಾರು ನೇರ ರಸ್ತೆಯಲ್ಲಿ ಕುಣಿಯುತ್ತಿತ್ತು. ನಾನು ನೋಡಿದೆ. ನೋಡಿಯೂ ಸೈಡ್‌ಪಾಡ್ ಬಗ್ಗೆಯೇ ಮಾತಾಡುತ್ತಾ ಕೂತೆ.

ಕುಣಿತದ ಮೂಲ ಇದ್ದದ್ದು ಕಾರಿನ ತಳದಲ್ಲಿ. ಎರಡು ಹಾಳೆಗಳನ್ನು ಬಾಯಿಯ ಮುಂದೆ ಇಳಿಬಿಟ್ಟು ನಡುವೆ ಊದಿ ನೋಡಿ. ದೂರ ಸರಿಯುವ ಬದಲು ಒಂದಕ್ಕೊಂದು ಹತ್ತಿರ ಬರುತ್ತವೆ. ಒಂದು ಹಾಳೆ ರಸ್ತೆ, ಇನ್ನೊಂದು ಕಾರಿನ ತಳ, ಅಂದರೆ ಫ್ಲೋರ್, ಅಂದುಕೊಳ್ಳಿ. ನಡುವೆ ಗಾಳಿ ಜೋರಾಗಿ ಹರಿದಷ್ಟೂ ಕಾರು ಕೆಳಕ್ಕೆ ಎಳೆಸಿಕೊಳ್ಳುತ್ತದೆ, ತಿರುವಿನಲ್ಲಿ ಟೈರಿಗೆ ಹಿಡಿತ ಸಿಗುತ್ತದೆ. 1978ರಲ್ಲಿ ಮಾರಿಯೋ ಆಂಡ್ರೆಟ್ಟಿ ಲೋಟಸ್ ಕಾರಿನಲ್ಲಿ ಚಾಂಪಿಯನ್ ಆದದ್ದು ಈ ಗ್ರೌಂಡ್ ಎಫೆಕ್ಟ್ ಬಲದಿಂದಲೇ. 1983ರಲ್ಲಿ ಚಪ್ಪಟೆ ತಳ ಕಡ್ಡಾಯ ಮಾಡಿ ಅದಕ್ಕೆ ತೆರೆ ಎಳೆದರು. 2022ರ ಹೊಸ ನಿಯಮದಲ್ಲಿ ಕಾರಿನಡಿಯ ಸುರಂಗಗಳು ಮತ್ತೆ ಬಂದವು.

ಜೊತೆಗೆ ಹಳೇ ಕಾಯಿಲೆಯೂ ಬಂತು. ವೇಗ ಹೆಚ್ಚಿದಷ್ಟೂ ತಳ ರಸ್ತೆಗೆ ಹತ್ತಿರವಾಗುತ್ತದೆ. ತೀರಾ ಹತ್ತಿರವಾದರೆ ಗಾಳಿಗೆ ಜಾಗ ಸಾಲದೆ ಹರಿವು ಕೆಡುತ್ತದೆ, ಎಳೆತ ತಪ್ಪುತ್ತದೆ, ಕಾರು ಮೇಲಕ್ಕೆ ಜಿಗಿಯುತ್ತದೆ. ಜಿಗಿದ ತಕ್ಷಣ ಗಾಳಿ ಮತ್ತೆ ಹರಿಯುತ್ತದೆ, ಮತ್ತೆ ಎಳೆತ. ಇದಕ್ಕೆ ಪೋರ್ಪಾಯ್ಸಿಂಗ್ ಅನ್ನುತ್ತಾರೆ. ಹೊಂಡದ ರಸ್ತೆಯಲ್ಲಿ ಬಸ್ಸಿನ ಕೊನೇ ಸೀಟಿನಲ್ಲಿ ಕೂತವರಿಗೆ ಬೇರೆ ವಿವರಣೆ ಬೇಡ. ಆದರೆ ಅದು ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ! ಆ ವರ್ಷ ಬಾಕು ರೇಸ್ ಮುಗಿದಾಗ ಮರ್ಸಿಡಿಸ್‌ನ ಆಗಿನ ಚಾಲಕ ಹ್ಯಾಮಿಲ್ಟನ್ ಸೊಂಟ ಹಿಡಿದುಕೊಂಡು ಕಾರಿನಿಂದ ಇಳಿದದ್ದು ನೆನಪಿರಬೇಕು.

ಇಷ್ಟು ದೊಡ್ಡ ತಂಡಕ್ಕೆ ಇದು ಮೊದಲೇ ಗೊತ್ತಾಗಲಿಲ್ವಾ? ಕಾರಿನ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ವಿಂಡ್ ಟನಲ್‌ನಲ್ಲಿ ಇಡುವ ಮಾದರಿ ನಿಜವಾದ ಕಾರಿನ ಶೇ. 60ಕ್ಕಿಂತ ದೊಡ್ಡದಿರುವಂತಿಲ್ಲ. ಗಾಳಿಯ ವೇಗ ಸೆಕೆಂಡಿಗೆ 50 ಮೀಟರ್ ದಾಟುವಂತಿಲ್ಲ, ಅಂದರೆ ಗಂಟೆಗೆ 180 ಕಿಲೋಮೀಟರ್. ಮೇಲಾಗಿ ಆ ಮಾದರಿಯನ್ನು ಕಂಬಕ್ಕೆ ಬಿಗಿದು ಹಿಡಿದಿರುತ್ತಾರೆ. ಕಟ್ಟಿಹಾಕಿದ ಕರು ಹೇಗೆ ಕುಣಿಯಬೇಕು ಹೇಳಿ. ಹಿಂದಿನ ವರ್ಷ ಗೆದ್ದವರಿಗೆ ಟನಲ್ ಸಮಯವೂ ಎಲ್ಲರಿಗಿಂತ ಕಡಿಮೆ. ಇನ್ನು ಟ್ರ್ಯಾಕ್ ಮೇಲೆ ನೋಡೋಣ ಅಂದರೆ ಬಾರ್ಸಿಲೋನಾದಲ್ಲಿ ಮೂರು ದಿನ, ಬಹ್ರೇನ್‌ನಲ್ಲಿ ಮೂರು ದಿನ. ಪೂರ್ತಿ ಹೊಸ ನಿಯಮದ ಕಾರಿಗೆ ಒಟ್ಟು ಆರು ದಿನ! ಖರ್ಚು ಉಳಿಸಲು ಅಂತಾರೆ. ಉಳಿದದ್ದು ಎಷ್ಟೋ, ತಪ್ಪು ವಿನ್ಯಾಸದ ಹಿಂದೆ ಹಾಳಾದದ್ದು ಎಷ್ಟೋ. ಈ ನಿಯಮ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಆದರೆ ಭಾವ ಇಲ್ಲಿ ಒಂದು ಮಾತು ಹೇಳುತ್ತಾರೆ: "ಆರು ದಿನ ರೆಡ್ ಬುಲ್‌ಗೂ ಅಷ್ಟೇ ತಾನೇ?" ಉತ್ತರವಿಲ್ಲ. ಆ ಎದುರಾಳಿ ತಂಡದ ಕಾರು ಅಷ್ಟು ಕುಣಿಯಲಿಲ್ಲ. ಅದರ ಆಗಿನ ವಿನ್ಯಾಸದ ಮುಖ್ಯಸ್ಥ ಏಡ್ರಿಯನ್ ನ್ಯೂಯಿ ಕಾಲೇಜಿನ ಕೊನೇ ವರ್ಷದ ಪ್ರಾಜೆಕ್ಟ್ ಮಾಡಿದ್ದೇ ಗ್ರೌಂಡ್ ಎಫೆಕ್ಟ್ ಮೇಲೆ. ಆ ಕಾರುಗಳು ಓಡುತ್ತಿದ್ದ ಕಾಲದಲ್ಲೇ ಓದಿ ಬಂದ ಮನುಷ್ಯ. ಕುಣಿತದ ಭಯ ಅವರ ತಲೆಯಲ್ಲಿ ಮೊದಲೇ ಇತ್ತು ಅನ್ನುವುದು ನನ್ನ ಊಹೆ.

ಹಾಗಂತ ಸೈಡ್‌ಪಾಡ್ ಪೂರ್ತಿ ನಿರಪರಾಧಿ ಅಲ್ಲ. ಅದನ್ನು ಅಷ್ಟು ಸಣ್ಣ ಮಾಡಿದ ಮೇಲೆ ಅಗಲವಾದ ಫ್ಲೋರ್‌ಗೆ ಮೇಲಿನಿಂದ ಆಸರೆ ಉಳಿಯಲಿಲ್ಲ. ತಗಡಿನ ಶೀಟ್‌ನ ಚಾಚಿದ ಅಂಚು ಗಾಳಿಗೆ ಅದುರುತ್ತದಲ್ಲ, ಹಾಗೆ. ಕೊನೆಗೆ ಅಂಚು ಬಾಗದಂತೆ ಸಣ್ಣದೊಂದು ಲೋಹದ ಕಡ್ಡಿ ಹಾಕಿಕೊಳ್ಳಲು ಎಲ್ಲ ತಂಡಗಳಿಗೂ ರೇಸಿನ ನಿಯಮ ಮಾಡುವ ಸಂಸ್ಥೆ ಎಫ್‌ಐಎ ಅವಕಾಶ ಕೊಟ್ಟಿತು. ಆದರೆ ಮುಖ್ಯ ಕಳ್ಳ ಅದಲ್ಲ. 2022ರಲ್ಲಿ ಅದೇ ಕಾರಿನಲ್ಲಿ ತಂಡದ ಇನ್ನೊಬ್ಬ ಚಾಲಕ ರಸೆಲ್ ಬ್ರೆಜಿಲ್‌ನಲ್ಲಿ ಗೆದ್ದರು, ಇಡೀ ವರ್ಷಕ್ಕೆ ಅದೊಂದೇ ಗೆಲುವು. 2023ಕ್ಕೂ ಹಟ ಬಿಡದೆ ಅದೇ ಆಕಾರ ತಂದರು. ಮೇ ತಿಂಗಳಲ್ಲಿ ಮೊನಾಕೋದಲ್ಲಿ ಕೊನೆಗೂ ಕಿತ್ತುಹಾಕಿ ಎಲ್ಲರಂಥ ಸೈಡ್‌ಪಾಡ್ ಹಾಕಿದರು. ಆಮೇಲೆ ಗೆಲುವಿನ ಮಳೆ ಸುರಿಯಬೇಕಿತ್ತು. ಆ ವರ್ಷ ಒಂದೂ ಬರಲಿಲ್ಲ.

ಆ ಮೊನಾಕೋ ಶನಿವಾರ ಮರೆಯುವಂಥದ್ದಲ್ಲ. ಬೆಳಗಿನ ಅಭ್ಯಾಸದಲ್ಲಿ ಹ್ಯಾಮಿಲ್ಟನ್ ಗೋಡೆಗೆ ಗುದ್ದಿದರು. ಕ್ರೇನ್ ಬಂದು ಹೊಸ ಸೈಡ್‌ಪಾಡಿನ ಕಾರನ್ನು ಆಕಾಶಕ್ಕೆ ಎತ್ತಿತು. ಅವತ್ತೇ ರೇಸಿನ ಸಾಲು ನಿರ್ಧರಿಸುವ ಕ್ವಾಲಿಫೈಯಿಂಗ್‌ನಲ್ಲಿ ರೆಡ್ ಬುಲ್‌ನ ಪೆರೆಝ್ ಗುದ್ದಿದರು, ಆ ಕಾರು ಕೂಡ ಮೇಲಕ್ಕೆ ಹೋಯಿತು. ಹಗ್ಗಕ್ಕೆ ಜೋತುಬಿದ್ದ ಕಾರಿನ ಹೊಟ್ಟೆ, ಕೆಳಗೆ ಸಾಲುಸಾಲು ಕ್ಯಾಮೆರಾ. ಮರ್ಸಿಡಿಸ್‌ನ ತಳ ಬಹುಪಾಲು ಸರಳ. ರೆಡ್ ಬುಲ್‌ನದರಲ್ಲಿ ಮೆಟ್ಟಿಲು, ಬಾಗು, ತಿರುವು, ಕಣ್ಣು ಹಾಯಿಸಿದಲ್ಲೆಲ್ಲ ಕೆತ್ತನೆ. ಈ ಸಲ ಗ್ರೂಪಿಗೆ ಫೋಟೋ ಹಾಕಿದ್ದು ನಾನೇ. ಕೆಳಗೆ ಏನೂ ಬರೆಯಲಿಲ್ಲ. ಭಾವ ಒಂದು ನಿಮಿಷದಲ್ಲಿ ಹಳೇ ಸ್ಕ್ರೀನ್‌ಶಾಟ್ ಅಂಟಿಸಿದರು.